ನರ್ಮದಾ ಕಪಾಲ: ಪ್ರಭೇದಕ್ಕಿಂತ ಮೊದಲು ಸ್ತರ

ಭಾರತದಲ್ಲಿ ಹಳೆ ಶಿಲಾಯುಗದ ಕಲ್ಲಿನ ಉಪಕರಣಗಳಿಗೆ ಬರವಿಲ್ಲ. ಅವನ್ನು ಮಾಡಿದವರ ಎಲುಬುಗಳಿಗೆ ಬರ. ಹೀಗಾಗಿಯೇ 1982ರ ಡಿಸೆಂಬರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಅರುಣ್ ಸೊನಾಕಿಯಾ ಅವರಿಗೆ ಮಧ್ಯಪ್ರದೇಶದ ಹಥನೋರಾ ಬಳಿ, ನರ್ಮದೆಯ ಉತ್ತರ ದಂಡೆಯಲ್ಲಿ ದೊರೆತ ಕಪಾಲಕ್ಕೆ ಅಪಾರ ಮಹತ್ವವಿದೆ. ಅದು ಯಾವ ಪ್ರಭೇದಕ್ಕೆ ಸೇರಿದ್ದೆಂಬ ಚರ್ಚೆ ಅಂದಿನಿಂದಲೂ ನಡೆದಿದೆ. ಅದಕ್ಕೂ ಮೊದಲು ಅದು ಸಿಕ್ಕ ಸ್ತರದ ಪ್ರಶ್ನೆ ಇತ್ಯರ್ಥವಾಗಬೇಕೆಂಬುದು ಈ ಲೇಖನದ ವಾದ.

ಉಳಿದಿರುವುದು ತಲೆಬುರುಡೆಯ ಬಲಭಾಗ ಮತ್ತು ಎಡಭಾಗದ ತುಸು ಅಂಶ ಮಾತ್ರ. ದವಡೆಯಾಗಲಿ ಹಲ್ಲುಗಳಾಗಲಿ ಇಲ್ಲ. ಹುಬ್ಬಿನ ಮೇಲಿನ ಉಬ್ಬಿದ ಏಣು, ದಪ್ಪ ಎಲುಬು ಮುಂತಾದ ಲಕ್ಷಣಗಳನ್ನು ಆಧರಿಸಿ ಸೊನಾಕಿಯಾ ಇದನ್ನು 'ಹೋಮೋ ಎರೆಕ್ಟಸ್ ನರ್ಮದೆನ್ಸಿಸ್' ಎಂದು ಕರೆದರು. ಆದರೆ 1991ರಲ್ಲಿ ಕೆನೆತ್ ಕೆನೆಡಿ ಮತ್ತು ಸಂಗಡಿಗರು, 1155ರಿಂದ 1421 ಘನ ಸೆಂಟಿಮೀಟರಿನಷ್ಟೆಂದು ಅಂದಾಜಿಸಿದ ಮಿದುಳಿನ ಗಾತ್ರ ಮತ್ತು ಬುರುಡೆಯ ಆಕಾರವನ್ನು ಪರಿಗಣಿಸಿ, ಇದನ್ನು ಪ್ರಾಚೀನ ಹೋಮೋ ಸೇಪಿಯನ್ಸ್ ಗುಂಪಿಗೆ ಸೇರಿಸಿದರು. ಆ ಪ್ರಬಂಧದ ಸಹಲೇಖಕರಲ್ಲಿ ಸೊನಾಕಿಯಾ ಅವರೂ ಒಬ್ಬರೆಂಬುದು ಗಮನಾರ್ಹ. ಮುಂದೆ ಅದೇ ನೆಲೆಯಲ್ಲಿ ಅನೇಕ್ ರಾಮ್ ಸಾಂಖ್ಯಾನ್ ಅವರು ಕಾಲರ್ ಎಲುಬುಗಳನ್ನು ಗುರುತಿಸಿ, ಅವು ಗಿಡ್ಡ ದೇಹದವರವೆಂದರು. ಅವು ಕಪಾಲದ ಜನರವೇ ಎಂದು ಹೇಳಲು ಆಧಾರ ಸಾಲದು.

ತೊಡಕು ಇರುವುದು ಸ್ತರದಲ್ಲಿ. ಕಪಾಲ ಸಿಕ್ಕದ್ದು ಹೊಳೆ ಹೊತ್ತುತಂದು ಸುರಿದ ಉಂಡೆಗಲ್ಲುಗಳ ಗಟ್ಟಿ ಪದರದಲ್ಲಿ. ಕೈಗೊಡಲಿಗಳೂ ಆನೆಯಂಥ ಪ್ರಾಣಿಗಳ ಅವಶೇಷಗಳೂ ಅಲ್ಲಿಯೇ ದೊರೆತಿವೆ. ಪ್ರವಾಹವು ಹಳೆಯ ದಂಡೆಗಳನ್ನು ಕೊರೆದು ಬೇರೆ ಬೇರೆ ಕಾಲದ ವಸ್ತುಗಳನ್ನು ಒಂದೆಡೆ ಬೆರೆಸಬಲ್ಲದು. ಆದ್ದರಿಂದ ಪಕ್ಕದ ಪ್ರಾಣಿಯ ಹಲ್ಲಿನ ವಯಸ್ಸನ್ನು ಕಪಾಲದ ವಯಸ್ಸೆಂದು ನೇರವಾಗಿ ಒಪ್ಪಲಾಗದು. ಪಕ್ಕದ ಕೈಗೊಡಲಿ ಈ ಕಪಾಲದವರದೇ ಎಂದೂ ಹೇಳಲಾಗದು. ಮಧ್ಯ ಪ್ಲೀಸ್ಟೊಸೀನ್ ಎಂಬ ಸಾಮಾನ್ಯ ಕಾಲನಿರ್ದೇಶವೇ ಸುಮಾರು ಆರು ಲಕ್ಷ ವರ್ಷಗಳ ಅವಧಿಯನ್ನು ಒಳಗೊಳ್ಳುತ್ತದೆ.

ಈ ವಿಷಯದಲ್ಲಿ ಕರ್ನಾಟಕದ ಹುಣಸಗಿ ಕಣಿವೆಯ ಇಸಾಂಪುರ ಹೋಲಿಕೆಗೆ ಯೋಗ್ಯ. ಕೆ. ಪದ್ದಯ್ಯ ಅವರ ತಂಡ ಉತ್ಖನನ ಮಾಡಿದ ಅಲ್ಲಿನ ಸುಣ್ಣಕಲ್ಲಿನ ಕಮ್ಮಟದಲ್ಲಿ ಉಪಕರಣಗಳು ಬಹುಮಟ್ಟಿಗೆ ಮಾಡಿದ ಜಾಗದಲ್ಲೇ ಉಳಿದಿವೆ. ಜೊತೆಗೆ ಸಿಕ್ಕ ದನದ ಜಾತಿಯ ಪ್ರಾಣಿಗಳ ಹಲ್ಲುಗಳಿಂದ ಸುಮಾರು 12 ಲಕ್ಷ ವರ್ಷಗಳ ಕಾಲಮಾನ ಲಭಿಸಿದೆ. ಅಲ್ಲಿ ಮನುಷ್ಯನ ಎಲುಬು ದೊರೆತಿಲ್ಲ. ಆದರೆ ಸ್ತರ ಸ್ಪಷ್ಟವಿದೆ. ಹಥನೋರಾದಲ್ಲಿ ಎಲುಬಿದೆ, ಸ್ತರ ಕಲಸಿದೆ.

ಆದ್ದರಿಂದ ಸದ್ಯಕ್ಕೆ ಈ ಕಪಾಲವನ್ನು ಪ್ರಭೇದದ ಹೆಸರಿಲ್ಲದೆ, 'ಹೋಮೋ' ಕುಲದ ಮಧ್ಯ ಪ್ಲೀಸ್ಟೊಸೀನ್ ಮಾನವನೆಂದಷ್ಟೇ ದಾಖಲಿಸುವುದು ಸೂಕ್ತ. ಮುಂದಿನ ಶೋಧ ಹೊಳೆಯ ಉಂಡೆಗಲ್ಲುಗಳಿಗಿಂತ, ಎಲುಬು ಕೆಡದೆ ಉಳಿಯಬಲ್ಲ ಸುಣ್ಣಕಲ್ಲಿನ ಗವಿಗಳು ಮತ್ತು ನಯವಾದ ಹೂಳಿನ ಪದರಗಳ ಕಡೆಗೆ ತಿರುಗಬೇಕು.