ಮಾಳಿಗೆ
ತಮಿಳಿನ ‘ಮಾಳಿಗೈ’, ಮಲಯಾಳದ ‘ಮಾಳಿಕ’ಗಳ ಸೋದರಿಯಾದ ‘ಮಾಳಿಗೆ’ಯೆಂಬ ಪದವು, ಹಿಂದೆ ಸೌಧದ ಮೇಲಂತಸ್ತನ್ನು ಸೂಚಿಸುತ್ತಿದ್ದುದು, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಜನರ ಬಾಯಲ್ಲಿ ‘ಮಾಳಿಗಿ’ಯಾಗಿ, ಮಣ್ಣಿನ ಮಟ್ಟಸವಾದ ಛಾವಣಿಗೇ ಸಂದಿರುವುದು ಅರ್ಥಾಂತರದ ರಮ್ಯ ನಿದರ್ಶನ.

ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಹಾಸು, ಅದರ ಮೇಲೆ ದಪ್ಪನಾಗಿ ಬಡಿದ ಮಣ್ಣು, ನಡುವೆ ಬೆಳಕಿಂಡಿ. ಮಳೆಗಾಲಕ್ಕೆ ಮುನ್ನ ಮೇಲೇರಿ, ಬಿರುಕು ಮುಚ್ಚಿ, ಹೊಸ ಮಣ್ಣು ಹರಡುವ ವಾರ್ಷಿಕ ಕಾರ್ಯಕ್ಕೆ ‘ಮಾಳಿಗಿಗೆ ಮಣ್ಣು ಹಾಕೂದು’ ಎನ್ನುವರು.

ನಿರ್ಮಾಣ ನಿರ್ವಹಣೆಯ ಸಂಶೋಧಕರು ಇಂದು ಸುಸ್ಥಿರ ಕಟ್ಟಡದಲ್ಲಿ ಅರಸುವ ಗುಣಗಳು, ಎಂದರೆ ಸಮೀಪದ ಸಾಮಗ್ರಿ, ಬಿಸಿಲ ಝಳವನ್ನು ತಡೆಯುವ ದಪ್ಪ, ನಿಯತವಾದ ಪೋಷಣೆ, ಇಲ್ಲಿ ಸಹಜವಾಗಿಯೇ ಕೂಡಿವೆ. ಆದರೆ ಅತಿವೃಷ್ಟಿಯಲ್ಲಿ ನೆನೆದ ಮಣ್ಣಿನ ಭಾರಕ್ಕೆ ಜಂತಿ ಕುಸಿದು ಪ್ರಾಣಹಾನಿಯಾಗುವುದೂ ಸತ್ಯವಾದುದರಿಂದ, ಸಂಶೋಧನೆಯು ಮೊತ್ತಮೊದಲು ಆ ಭಾರವನ್ನೇ ತೂಗಿ ನೋಡತಕ್ಕದ್ದೆಂದು ನನ್ನ ದೃಢವಾದ ನಂಬಿಕೆ.