ಅಬ್ಸರ್ಡಿಟಿ: ನಗೆಯೋ, ಅಪಸ್ವರವೋ?

ದಾವಣಗೆರೆ ಸೀಮೆಯ ಶಾಲೆಗಳಲ್ಲಿ 'ಅಬ್ಸರ್ಡಿಟಿ' ಎಂಬ ಇಂಗ್ಲಿಷ್ ನಾಮಪದಕ್ಕೆ 'ಹಾಸ್ಯಾಸ್ಪದತೆ' ಎಂದು ಅರ್ಥ ಬರೆಸುವುದು ಬಹುಕಾಲದ ವಾಡಿಕೆ. ಅದು ತಪ್ಪಲ್ಲ, ಆದರೆ ಆ ಪದದ ಹುಟ್ಟಿನಲ್ಲಿ ನಗೆಯ ಸುಳಿವೇ ಇಲ್ಲ. ನಗುವೆಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು 'ರಿಡಿಕ್ಯುಲಸ್'. 'ಅಬ್ಸರ್ಡ್' ಬಂದದ್ದು 'ಅಬ್ಸರ್ಡುಸ್' ಎಂಬ ಬೇರೆಯೇ ಪದದಿಂದ. ಅದರ ಅರ್ಥ ಶ್ರುತಿ ತಪ್ಪಿದ್ದು, ಕಿವಿಗೆ ಒಗ್ಗದ್ದು. ನಮ್ಮ ಸಂಗೀತಗಾರರ ಮಾತಿನಲ್ಲಿ ಅಪಸ್ವರ. ಕಾಲಕ್ರಮದಲ್ಲಿ ಅದು ಬುದ್ಧಿಗೆ ಒಗ್ಗದ ಮಾತಿಗೂ ಹೆಸರಾಯಿತು. ನಗೆ ಹಿಂಬಾಲಿಸಿ ಬಂದ ಅತಿಥಿ.

ಅದೇ 'ಸರ್ಡುಸ್' ಎಂದರೆ ಕಿವುಡ. ಗಣಿತ ಓದಿದವರಿಗೆ ಥಟ್ಟನೆ 'ಸರ್ಡ್' ನೆನಪಾಗಬೇಕು. ಎರಡರ ವರ್ಗಮೂಲದಂತಹ ಸಂಖ್ಯೆಗಳನ್ನು ಅರಬ್ಬಿ ಗಣಿತಜ್ಞರು 'ಕಿವುಡು' ಎಂದು ಕರೆದರು. ಲ್ಯಾಟಿನ್ನಿಗೆ ಅನುವಾದಿಸಿದವರು ಅದನ್ನೇ ಉಳಿಸಿಕೊಂಡರು. ನಮ್ಮ ಪಠ್ಯಪುಸ್ತಕಗಳು ಇದಕ್ಕೆ ಬಳಸುವ ಪದ 'ಕರಣಿ'. ಶುಲ್ಬಸೂತ್ರಗಳಲ್ಲಿ 'ದ್ವಿಕರಣಿ' ಎಂದರೆ ಎರಡರಷ್ಟು ವಿಸ್ತೀರ್ಣದ ಚೌಕವನ್ನು ಮಾಡಿಕೊಡುವ ಬಾಹು. ಅವರಿಗೆ ಕಿವುಡಾದದ್ದು ನಮಗೆ ಕರ್ತೃವಾಗಿ ಕಂಡಿತೆಂಬುದು ನನಗಂತೂ ಪ್ರಿಯವಾದ ಸಂಗತಿ.

ಇದು ಬರಿಯ ಪದವಿನೋದವಲ್ಲ. ಹಳ್ಳಿಯಿಂದ ಬಂದ ಹುಡುಗನೊಬ್ಬ ಲೆಕ್ಕ ಮಾಡಿ ತಂದೆಯ ವಯಸ್ಸು ಮಗನ ವಯಸ್ಸಿಗಿಂತ ಐದು ವರ್ಷ ಕಡಿಮೆ ಎಂದು ಉತ್ತರ ಬರೆಯುತ್ತಾನೆ ಎನ್ನಿ. ಆ ಉತ್ತರ ಅಬ್ಸರ್ಡ್, ಅಂದರೆ ಅಸಂಬದ್ಧ. ಎಲ್ಲೋ ಒಂದು ಹೆಜ್ಜೆ ತಪ್ಪಿದೆಯೆಂದು ಅದೇ ತೋರಿಸಿಕೊಡುತ್ತದೆ. ಯೂಕ್ಲಿಡ್ ಕೂಡ ಹೀಗೆಯೇ ಅಸಂಬದ್ಧಕ್ಕೆ ಕೊಂಡೊಯ್ದು ಎಷ್ಟೋ ಪ್ರಮೇಯಗಳನ್ನು ಸಾಧಿಸಿದ. ಅದೇ ಉತ್ತರವನ್ನು 'ಹಾಸ್ಯಾಸ್ಪದ' ಎಂದರೆ ತರಗತಿ ನಗುವುದು ಉತ್ತರಕ್ಕಲ್ಲ, ಹುಡುಗನಿಗೆ. ಆಮೇಲೆ ಅವನು ಕೈ ಎತ್ತುವುದಿಲ್ಲ.

ನಾಟಕದವರು ಈ ಭೇದವನ್ನು ಚೆನ್ನಾಗಿ ಅರಿತಿದ್ದರು. 1961ರಲ್ಲಿ ಮಾರ್ಟಿನ್ ಎಸ್ಲಿನ್ ಬೆಕೆಟ್, ಅಯನೆಸ್ಕೋ ಮುಂತಾದವರ ರಂಗಭೂಮಿಗೆ 'ಅಬ್ಸರ್ಡ್' ಎಂಬ ಹೆಸರು ಕೊಟ್ಟಾಗ, ಇಲ್ಲಿ ಅದರ ಅರ್ಥ ನಗೆಪಾಟಲಲ್ಲ ಎಂದು ಎಚ್ಚರಿಸಿದ್ದ. ಕನ್ನಡದಲ್ಲಿ ಅದು 'ಅಸಂಗತ ನಾಟಕ'ವಾಯಿತು. ಚಂದ್ರಶೇಖರ ಪಾಟೀಲರ 'ಕೊಡೆಗಳು' ಆ ಜಾತಿಯದು. ಚಿಂದೋಡಿ ಮನೆತನದ ಕಂಪನಿ ನಾಟಕಗಳನ್ನು ನೋಡಿ ಬೆಳೆದ ದಾವಣಗೆರೆಯ ಪ್ರೇಕ್ಷಕನಿಗೆ ಹಾಸ್ಯವೆಂದರೆ ಬೇರೆ ಸರಕು. ಆದರೂ ಎರಡಕ್ಕೂ ನಂಟಿಲ್ಲದಿಲ್ಲ: ಭರತನು ಹಾಸ್ಯದ ಕಾರಣಗಳಲ್ಲಿ ವಿಕೃತ ವೇಷದ ಜೊತೆಗೆ 'ಅಸತ್ಪ್ರಲಾಪ'ವನ್ನೂ, ಎಂದರೆ ಅಸಂಬದ್ಧ ಮಾತನ್ನೂ ಎಣಿಸಿದ್ದಾನೆ.

ಅಸಂಗತವೆಂದರೆ ಜೊತೆಗೂಡದ್ದು. ಆದರೆ ಜೊತೆಗೂಡದೆಂದು ತೋರುವುದೆಲ್ಲ ಹಾಗೆಯೇ ಉಳಿಯಬೇಕಿಲ್ಲ. ನೆರೆಯ ಹರಿಹರದಲ್ಲಿ, ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಗುಡಿಯಲ್ಲಿ ಬಲಕ್ಕೆ ಹರ, ಎಡಕ್ಕೆ ಹರಿ, ವಿಗ್ರಹ ಒಂದೇ. ಹರಿಯಿಂದಲೂ ಹರನಿಂದಲೂ ಸಾವಿಲ್ಲದ ವರ ಪಡೆದಿದ್ದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದಾದರೆಂಬುದು ಸ್ಥಳಪುರಾಣ. ತರ್ಕದವರು ಇದನ್ನು ಅಬ್ಸರ್ಡಿಟಿ ಎಂದಾರು. ತುಂಗಭದ್ರೆಯಲ್ಲಿ ಮಿಂದು ಬಂದು ಕೈಮುಗಿಯುವ ಮುದುಕಿಗೆ ಅಲ್ಲಿ ಅಪಸ್ವರವೇನೂ ಕೇಳಿಸುವುದಿಲ್ಲ.