ಹಂಪಿ ಗುಡ್ಡದ ಕೆಂಪು, ಕೂಡ್ಲಿಗಿಯ ಅತ್ತೆ

ಹೋದ ಬೇಸಿಗೆಯಲ್ಲಿ ಕೂಡ್ಲಿಗಿಯ ಸೋದರತ್ತೆಯ ಮನೆಗೆ ಹೋದಾಗ ನನ್ನ ಬ್ಯಾಗಿನಲ್ಲಿ ಒಂದು ವೈನ್ ಬಾಟಲಿ ಇತ್ತು. ಹೊಸಪೇಟೆಯ ಗೆಳೆಯನಿಗೆಂದು ಬೆಂಗಳೂರಿನಿಂದ ತಂದದ್ದು. ಒಗೆಯುವ ಬಟ್ಟೆ ತೆಗೆಯಲು ಹೋದ ಅತ್ತೆಯ ಕೈಗೆ ಅದೇ ಸಿಗಬೇಕೆ!

"ಏನಿದು ತಮ್ಮಾ?"

"ದ್ರಾಕ್ಷಿ ರಸ ಅತ್ತೆ, ನಮ್ಮ ಹಂಪಿ ಕಡೇದು," ಎಂದೆ. ಅತ್ತೆ ನಂಬಲಿಲ್ಲ.

ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ತುಂಗಭದ್ರೆಯ ಆಚೆ, ಕೊಪ್ಪಳ ಜಿಲ್ಲೆಯಲ್ಲಿ, ಕ್ರಿಸ್ಮಾ ಎಂಬ ತೋಟವಿದೆ. ಬಳ್ಳಿ ನೆಟ್ಟದ್ದು 2008ರ ಸುಮಾರಿಗೆ. ತಮ್ಮ ಸೀಮೆಗೆ ಅವರು ‘ಹಂಪಿ ಹಿಲ್ಸ್’ ಎಂದು ಹೆಸರಿಟ್ಟರು. ಅವರ ಕೆಂಪು ವೈನುಗಳಲ್ಲಿ ಇಟಲಿಯ ಸಾಂಜೊವೇಸೆ ಮತ್ತು ಫ್ರಾನ್ಸಿನ ಕೆಬರ್ನೆ ಸೋವಿನ್ಯೋಂ ಬೆರೆಸಿದ್ದೂ ಒಂದು. ಸಾಂಜೊವೇಸೆಗೆ ಹುಳಿ ಹೆಚ್ಚು, ಕೆಬರ್ನೆಗೆ ಸಿಪ್ಪೆಯ ಒಗರು ಹೆಚ್ಚು. ಸಾರಿಗೆ ಹುಣಸೆಯೂ ಬೇಕು, ಬೇಳೆಯೂ ಬೇಕು ಎಂದಂತೆ.

ಯುರೋಪಿನಲ್ಲಿ ಚಳಿಗಾಲ ಬಳ್ಳಿಯನ್ನು ಮಲಗಿಸುತ್ತದೆ. ನಮ್ಮ ಸೀಮೆಯಲ್ಲಿ ಅಂಥ ಚಳಿ ಎಲ್ಲಿದೆ? ಹಾಗಾಗಿ ಇಲ್ಲಿ ವರ್ಷಕ್ಕೆ ಎರಡು ಸಲ ಚಾಟನಿ. ಬೇಸಿಗೆಯ ಚಾಟನಿಯಿಂದ ಕಡ್ಡಿ ಬಲಿಯಬೇಕು. ಮಳೆ ಹಿಂದೆ ಸರಿಯುವ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಾಡುವ ಚಾಟನಿ ಹಣ್ಣಿಗಾಗಿ. ಚಳಿಗಾಲದ ಒಣಬಿಸಿಲಿಗೆ ಹಣ್ಣಿನಲ್ಲಿ ಸಕ್ಕರೆ ಏರುತ್ತದೆ, ರಾತ್ರಿಯ ತಂಪಿಗೆ ಹುಳಿ ಉಳಿಯುತ್ತದೆ. ಗೊನೆ ಕೊಯ್ಯುವ ಫೆಬ್ರವರಿ, ಮಾರ್ಚಿನಲ್ಲೇ ಕೊಟ್ಟೂರೇಶನ ತೇರು. ಜಾತ್ರೆಯ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಈ ಲೆಕ್ಕ ಹಾಕಿದವರು ನಾನೊಬ್ಬನೇ ಇರಬೇಕು.

ದ್ರಾಕ್ಷಿ ಈ ನೆಲಕ್ಕೆ ಹೊಸಬನೇನಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಪೇಟೆಯಲ್ಲಿ ಕಂಡ ಹಣ್ಣುಗಳಲ್ಲಿ ಕಿತ್ತಳೆ, ನಿಂಬೆ, ದಾಳಿಂಬೆಗಳ ಜೊತೆ ದ್ರಾಕ್ಷಿಯನ್ನೂ ಹೆಸರಿಸುತ್ತಾನೆ. ಅವನ ಪಟ್ಟಿಯ ದಾಳಿಂಬೆ ಈಗ ಹಗರಿಬೊಮ್ಮನಹಳ್ಳಿ ಕಡೆಯ ಬೆಳೆ. ಅಂಗಮಾರಿ ಬಿದ್ದು ಎಷ್ಟೋ ರೈತರು ಗಿಡ ಕಿತ್ತದ್ದೂ ಉಂಟು. ಹಡಗಲಿಯವರು ಮಲ್ಲಿಗೆಯಿಂದ ಹೆಸರಾದರು. ವೈನ್ ದ್ರಾಕ್ಷಿಯನ್ನು ಮಾತ್ರ ನಮ್ಮ ಕಡೆಯ ಸಣ್ಣ ರೈತರು ನೆಚ್ಚಿಕೊಳ್ಳಲಿಲ್ಲ. ಚಪ್ಪರಕ್ಕೆ, ಹನಿ ನೀರಾವರಿಗೆ ಮೊದಲೇ ದುಡ್ಡು ಸುರಿಯಬೇಕು, ಎರಡು ಮೂರು ವರ್ಷ ಕಾಯಬೇಕು, ಕೊಳ್ಳುವ ಕಾರ್ಖಾನೆಯೂ ಹತ್ತಿರ ಬೇಕು. ಶೇಂಗಾ, ಜೋಳ, ಈರುಳ್ಳಿಯವರಿಗೆ ಅಷ್ಟು ಕಾಯಲು ಎಲ್ಲಿಯ ಪುರುಸೊತ್ತು?

ಅತ್ತೆಯ ಅನುಮಾನದ ಬೇರು ಬೇರೆಯೇ. ಕೂಡ್ಲಿಗಿ ಗಾಂಧೀಜಿಯ ಚಿತಾಭಸ್ಮವಿಟ್ಟ ಸ್ಮಾರಕದ ಊರು. ಆಗಿನ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. 1937ರಲ್ಲಿ ರಾಜಾಜಿ ಸೇಲಂನಲ್ಲಿ ಶುರುಮಾಡಿದ ಪಾನನಿರೋಧ 1948ರ ಹೊತ್ತಿಗೆ ಇಡೀ ಪ್ರಾಂತ್ಯವನ್ನು ಆವರಿಸಿತು. 1953ರಲ್ಲಿ ನಾವು ಮೈಸೂರಿಗೆ ಸೇರಿದೆವು. 1960ರ ದಶಕದ ಕೊನೆಗೆ ಆ ಬಿಗಿಯೂ ಸಡಿಲವಾಯಿತು. ಆಮೇಲೆ ಬಂದದ್ದು ಸಾರಾಯಿ, ಅದರ ಹಿಂದೆ ಪ್ಯಾಕೆಟ್ಟು. ಮಾವ ಕೂಲಿಯ ದುಡ್ಡನ್ನೆಲ್ಲ ಆ ಪ್ಯಾಕೆಟ್ಟಿಗೇ ಸುರಿದು, ನಲವತ್ತು ದಾಟುವ ಮೊದಲೇ ಹೋದರು. ಅಂಗಡಿಯ ಮುಂದೆ ಕೂತು ಕೂಗಿದ ಹೆಂಗಸರಲ್ಲಿ ಅತ್ತೆಯೂ ಒಬ್ಬಳು.

2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಿತು. ಅತ್ತೆ ಆ ದಿನ ಹೋಳಿಗೆ ಮಾಡಿದ್ದಳಂತೆ. ಅದೇ 2007ರ ಹೆಸರಿನಲ್ಲೇ ಕರ್ನಾಟಕದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯೂ ಇದೆ. ಒಂದು ಕೈ ಮುಚ್ಚಿತು, ಇನ್ನೊಂದು ತೆರೆಯಿತು. ದ್ರಾಕ್ಷಿ ರೈತನಿಗೆ ಅನುಕೂಲವಾಗಲಿ ಎಂಬುದು ನೀತಿಯ ಮಾತು, ಅದರಲ್ಲಿ ಹುರುಳಿದೆ. ನಂದಿ ಬೆಟ್ಟದ ಬುಡದಲ್ಲಿ ಗ್ರೋವರ್ ಕಂಪನಿ 1988ರಿಂದಲೇ ಈ ದಾರಿ ತೋರಿಸಿತ್ತು. ಕೆಬರ್ನೆ ಮತ್ತು ಶಿರಾಜ್ ಬೆರೆಸಿದ ಅವರ ‘ಲಾ ರಿಸರ್ವ್’ ಹೊರದೇಶದಲ್ಲೂ ಹೆಸರು ಮಾಡಿತು. ಆದರೆ ಬಡವನ ಪ್ಯಾಕೆಟ್ಟು ಪಿಡುಗು, ಉಳ್ಳವನ ಬಾಟಲಿ ಉದ್ಯಮ ಎಂಬ ಭೇದ ನನಗೆ ಇಂದಿಗೂ ಸಲೀಸಾಗಿ ಗಂಟಲಿಳಿಯುವುದಿಲ್ಲ. ಗುಟುಕು ಮಾತ್ರ ಇಳಿಯುತ್ತದೆ, ಅದನ್ನೂ ಒಪ್ಪಿಕೊಳ್ಳಬೇಕು.

ಅತ್ತೆ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಎಷ್ಟಿದಕ್ಕೆ?"

ಅರ್ಧ ಬೆಲೆ ಹೇಳಿದೆ. ಅದಕ್ಕೂ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ನಿಮ್ಮ ಮಾವಗೆ ಒಂದು ತಿಂಗಳು ಆಗ್ತಿತ್ತು," ಎಂದು ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ, ಒಡೆಯದಂತೆ ನನ್ನ ಬ್ಯಾಗಿನ ನಡುವೆ ಇಟ್ಟು, ಜಿಪ್ಪು ಎಳೆದಳು.